ಊರೆಲ್ಲ ಬೈದ ಕಾರನ್ನು ಪಕ್ಕದ ಮನೆ ತಾತ ಯಾಕೆ ಒರೆಸುತ್ತಾರೆ?

ಪ್ರಶ್ನೆ: ನಾವು ಎರಡು ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಜ್ ಹತ್ತಿರ ಇದ್ದೇವೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ತಾತ ಒಬ್ಬರಿದ್ದಾರೆ. ಅವರ ಹತ್ತಿರ ಒಂದು ಆಸ್ಟಿನ್ ಅಲೆಗ್ರೋ ಕಾರಿದೆ. ಕಂದು ಬಣ್ಣ, ನಂಬರ್ ಪ್ಲೇಟಿನ ಕೊನೆಗೆ ‘ಎಂ’ ಅಕ್ಷರ. ಪ್ರತಿ ಭಾನುವಾರ ಹೊರಗೆ ತಂದು, ಒರೆಸಿ, ಒಂದು ಸುತ್ತು ಹೊಡೆದು ವಾಪಸ್ ಒಳಗೆ ಇಡುತ್ತಾರೆ. ನೆಟ್‌ನಲ್ಲಿ ಹುಡುಕಿದರೆ ಬ್ರಿಟನ್ನಿನ ಅತಿ ಕೆಟ್ಟ ಕಾರುಗಳಲ್ಲಿ ಇದೂ ಒಂದು ಅಂತಲೇ ಬರುತ್ತದೆ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ‘ನೀನೇ ತಗೊ’ ಅನ್ನುತ್ತಿದ್ದಾರೆ. ಇಷ್ಟು ಬೈಸಿಕೊಂಡ ಕಾರಿನ ಮೇಲೆ ಜನಕ್ಕೆ ಯಾಕೆ ಪ್ರೀತಿ? ನಿಜಕ್ಕೂ ಅಷ್ಟು ಕೆಟ್ಟದಾಗಿತ್ತಾ? ತಗೊಳ್ಳಲಾ, ಬೇಡವಾ?

ಉತ್ತರ: ಕೊನೆ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ತಗೊಳ್ಳಿ, ಆದರೆ ಗಾಡಿ ಕೆಳಗೆ ಮಲಗಿ ನೋಡಿದ ಮೇಲೆ ತಗೊಳ್ಳಿ. ಏನು ನೋಡಬೇಕು ಅನ್ನುವುದು ಆಮೇಲೆ.

ಪ್ರೀತಿಯ ವಿಷಯಕ್ಕೆ ಬಂದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹೇಳಿ ಮುಗಿಸಬಹುದಿತ್ತು. ಅಲೆಗ್ರೋ ಹುಟ್ಟಿದ್ದೇ ಲಾಂಗ್‌ಬ್ರಿಜ್ ಫ್ಯಾಕ್ಟರಿಯಲ್ಲಿ. ನೀವು ಈಗ ತರಕಾರಿ ತರಲು ಹೋಗುತ್ತೀರಲ್ಲ, ಆ ಲಾಂಗ್‌ಬ್ರಿಜ್ ಟೌನ್ ಸೆಂಟರ್ ನಿಂತಿರುವುದು ಆ ಫ್ಯಾಕ್ಟರಿಯ ಜಾಗದ ಮೇಲೇ. ಆ ತಾತನೋ, ಅವರ ಅಣ್ಣನೋ, ಭಾವನೋ ಅಲ್ಲಿ ದುಡಿದಿರಬಹುದು, ಒಮ್ಮೆ ಕೇಳಿ ನೋಡಿ. ಆದರೆ ಲಾಂಗ್‌ಬ್ರಿಜ್ ಮುಖವನ್ನೇ ನೋಡದವರೂ ಈ ಕಾರನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಹಾಗಾಗಿ ಹೆಗ್ಗಣದ ಲೆಕ್ಕ ಇಲ್ಲಿ ಪೂರ್ತಿ ಕೂರುವುದಿಲ್ಲ.

ಕೆಟ್ಟದಾಗಿತ್ತಾ ಅಂತ ಮೊದಲು ನೋಡೋಣ. ಅಲೆಗ್ರೋ ಬಂದದ್ದು 1973ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಆ ಜಾಗದಲ್ಲಿದ್ದದ್ದು ಆಸ್ಟಿನ್ 1100 ಮತ್ತು 1300. 1960ರ ದಶಕದಲ್ಲಿ ಬ್ರಿಟನ್ನಿನ ಬೀದಿಬೀದಿಯಲ್ಲೂ ನಿಂತಿರುತ್ತಿದ್ದ ಕಾರು. ಅದರ ಜಾಗಕ್ಕೆ ಬರುವ ಹೊಸ ಗಾಡಿ ಅಂದರೆ ಜನ ಕಾಯುತ್ತಾರಲ್ವಾ? ಡಿಸೈನರ್ ಹ್ಯಾರಿಸ್ ಮ್ಯಾನ್ ಮೊದಲು ಬಿಡಿಸಿದ ಚಿತ್ರ ನೋಡಿದರೆ ಇದು ಅದೇ ಕಾರು ಅಂತ ನೀವು ನಂಬುವುದಿಲ್ಲ. ತೆಳ್ಳಗೆ, ಮೂತಿ ಚೂಪಾಗಿ, ಓಡಲು ತಯಾರಾಗಿ ನಿಂತ ಹಾಗಿದೆ. ಆಮೇಲೆ ಕಂಪನಿಯವರು ಮ್ಯಾಕ್ಸಿ ಕಾರಿಗೆ ಮಾಡಿದ್ದ ಎತ್ತರದ ಇ-ಸೀರೀಸ್ ಎಂಜಿನ್ ಇದರಲ್ಲೂ ಕೂರಬೇಕು ಅಂದರು. ಬಾನೆಟ್ ಮೇಲೆದ್ದಿತು. ಮರೀನಾ ಕಾರಿಗೆ ಮಾಡಿದ್ದ ದಪ್ಪ ಹೀಟರ್ ಇದಕ್ಕೂ ಹಾಕಬೇಕು ಅಂದರು. ಅದಕ್ಕೆ ಇನ್ನಷ್ಟು ಎತ್ತರ ಬೇಕಾಯಿತು. ಚಿತ್ರದಲ್ಲಿ ಚಿರತೆಯ ಹಾಗಿದ್ದದ್ದು ಷೋರೂಮಿಗೆ ಬರುವ ಹೊತ್ತಿಗೆ ಉಬ್ಬಿದ ಇಡ್ಲಿ ಆಗಿತ್ತು. ಇಡ್ಲಿ ಉಬ್ಬಬೇಕು, ಕಾರು ಉಬ್ಬಬಾರದು.

ಅದರ ಮೇಲೆ ಆ ಸ್ಟೇರಿಂಗ್. ದುಂಡಗಿರಬೇಕಾದ್ದನ್ನು ಮೂಲೆ ಸವೆಸಿದ ಚೌಕ ಮಾಡಿ, ಅದಕ್ಕೆ ‘ಕ್ವಾರ್ಟಿಕ್’ ಅಂತ ಹೆಸರಿಟ್ಟರು. ಮೀಟರ್ ಚೆನ್ನಾಗಿ ಕಾಣುತ್ತದೆ, ತೊಡೆಗೆ ಜಾಗ ಸಿಗುತ್ತದೆ ಅನ್ನುವುದು ಅವರ ವಾದ. ನಾನು ಓಡಿಸಿ ನೋಡಿದ್ದೇನೆ. ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಪಾರ್ಕಿಂಗ್ ಮಾಡುವಾಗ ಮಾತ್ರ, ಸ್ಟೇರಿಂಗ್ ಅಂಗೈಯಲ್ಲಿ ಜಾರಿಕೊಂಡು ವಾಪಸ್ ತಿರುಗುತ್ತದಲ್ಲ, ಆಗ ಒಂದೊಂದು ಮೂಲೆ ಬಂದಾಗಲೂ ಕೈಗೆ ಟಪ್ ಅಂತ ತಗಲುತ್ತದೆ. ಚಕ್ಕಡಿಯ ಚಕ್ರಕ್ಕೆ ಕಲ್ಲು ಸಿಕ್ಕ ಹಾಗೆ. ಪತ್ರಿಕೆಯವರು ನಕ್ಕರು, ಗಿರಾಕಿಗಳು ಮುಖ ಸಿಂಡರಿಸಿದರು, ಸ್ವಲ್ಪ ಕಾಲದಲ್ಲೇ ಕಂಪನಿ ಸದ್ದಿಲ್ಲದೆ ದುಂಡು ಸ್ಟೇರಿಂಗ್‌ಗೆ ವಾಪಸ್ ಬಂತು. ಆದರೆ ನಗು ಹಾಗೇ ಉಳಿಯಿತು.

ಇನ್ನು ಗೇಲಿಗಳು. ತಪ್ಪು ಜಾಗಕ್ಕೆ ಜಾಕ್ ಕೊಟ್ಟರೆ ಬಾಡಿ ಸ್ವಲ್ಪ ತಿರುಚಿಕೊಂಡು ಹಿಂದಿನ ಗಾಜು ಕಳಚಿ ಬೀಳುತ್ತಿತ್ತು ಅನ್ನುವುದು ಒಂದು. ಹಿಂದಕ್ಕೆ ಓಡಿಸಿದರೆ ಗಾಳಿಯ ತಡೆ ಕಡಿಮೆ ಅನ್ನುವುದು ಇನ್ನೊಂದು, ಇದನ್ನು ಸುಮ್ನೆ ತಮಾಷೆ ಅಂತ ಇಟ್ಟುಕೊಳ್ಳಿ. ಚಕ್ರ ಕಳಚುವ ಕಥೆ ಮಾತ್ರ ಗಂಭೀರವಾದದ್ದು. ಅಲೆಗ್ರೋ ಹಿಂದಿನ ಚಕ್ರದ ಬೇರಿಂಗ್‌ಗೆ ಒಂದು ಕೂದಲೆಳೆಯಷ್ಟು ಸಡಿಲ ಬಿಡಬೇಕು. ಹಳೆ 1100 ಗಾಡಿಗಳಲ್ಲಿ ಪಳಗಿದ ಮೆಕ್ಯಾನಿಕ್‌ಗಳು ಅಭ್ಯಾಸ ಬಲದಿಂದ ಜೋರಾಗಿ ಬಿಗಿದುಬಿಡುತ್ತಿದ್ದರು. ಬೇರಿಂಗ್ ಕಾದು, ಸುಟ್ಟು, ಕೊನೆಗೆ ಚಕ್ರವೇ ಹೋಗುತ್ತಿತ್ತು. ಹೆಸರು ಕೆಟ್ಟದ್ದು ಕಾರಿನದು.

ಆದರೆ ಇದೇ ಕಾರಿನ ಸಸ್ಪೆನ್ಷನ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ನನಗೆ ಬೇಜಾರು. ಅದರ ಹೆಸರು ಹೈಡ್ರಾಗ್ಯಾಸ್. ಮಾಡಿದವರು ಅಲೆಕ್ಸ್ ಮೌಲ್ಟನ್, ಮಿನಿ ಕಾರಿಗೆ ರಬ್ಬರ್ ಸಸ್ಪೆನ್ಷನ್ ಮಾಡಿದವರು, ಸಣ್ಣ ಚಕ್ರದ ಸೈಕಲ್‌ಗೂ ಹೆಸರಾದವರು. ಪ್ರತಿ ಚಕ್ರಕ್ಕೂ ಒಂದೊಂದು ಲೋಹದ ಡಬ್ಬಿ. ಒಳಗೆ ಒಂದು ಕಡೆ ನೈಟ್ರೋಜನ್ ಗ್ಯಾಸ್, ಇನ್ನೊಂದು ಕಡೆ ದ್ರವ, ನಡುವೆ ರಬ್ಬರ್ ಪೊರೆ. ಒಂದೇ ಪಕ್ಕದ ಮುಂದಿನ ಮತ್ತು ಹಿಂದಿನ ಡಬ್ಬಿಗಳಿಗೆ ಪೈಪಿನ ಸಂಬಂಧ. ಮುಂದಿನ ಚಕ್ರ ಹಂಪ್ ಹತ್ತಿದ ಕೂಡಲೇ ದ್ರವ ಹಿಂದಕ್ಕೆ ಓಡಿ ಗಾಡಿಯ ಹಿಂಭಾಗವನ್ನೂ ಎತ್ತುತ್ತದೆ, ಹಾಗಾಗಿ ಮೂತಿ ಮೇಲೆ ಕೆಳಗೆ ಕುಣಿಯುವುದು ಕಡಿಮೆ. ಕೈಗೆಟುಕುವ ದರದ ಮನೆ ಕಾರಿಗೆ ಇದು ಸಣ್ಣ ಸಂಗತಿ ಅಲ್ಲ.

ಒಳ್ಳೆ ತಲೆಗಳಿದ್ದವು, ಗಾಡಿ ಮಾತ್ರ ಕೈ ಕೊಟ್ಟಿತು. ಯಾಕೆ? 1968ರಲ್ಲಿ ಆಸ್ಟಿನ್, ಮಾರಿಸ್, ಟ್ರಯಂಫ್, ರೋವರ್, ಜಾಗ್ವಾರ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬ್ರಿಟಿಷ್ ಲೇಲ್ಯಾಂಡ್ ಅಂತ ಮಾಡಿದರು. ಆಡಳಿತ ಒಂದು ಕಡೆ, ಯೂನಿಯನ್‌ಗಳು ಇನ್ನೊಂದು ಕಡೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದೇ ಮನೆಯ ಬ್ರ್ಯಾಂಡುಗಳು ತಮ್ಮತಮ್ಮಲ್ಲೇ ಪೈಪೋಟಿ ಮಾಡಿಕೊಂಡವು. ಇದಕ್ಕೆ ಒಂದೇ ಉದಾಹರಣೆ ಸಾಕು. ಅಲೆಗ್ರೋ ಹಿಂಭಾಗ ನೋಡಿ, ಗಾಜಿನ ಸಮೇತ ಮೇಲಕ್ಕೆ ಎತ್ತುವ ಬಾಗಿಲು ಇಡಲು ಹೇಳಿ ಮಾಡಿಸಿದ ಹಾಗಿದೆ. ಇಡಲಿಲ್ಲ, ಪುಟ್ಟ ಡಿಕ್ಕಿ ಮುಚ್ಚಳ ಇಟ್ಟರು. ಯಾಕಂದ್ರೆ ಹ್ಯಾಚ್‌ಬ್ಯಾಕ್ ಅನ್ನುವುದು ಮ್ಯಾಕ್ಸಿಯ ಹಕ್ಕು! ಅಣ್ಣನಿಗೆ ಬೇಜಾರಾಗುತ್ತದೆ ಅಂತ ತಮ್ಮನಿಗೆ ಹೊಸ ಅಂಗಿ ಹೊಲಿಸದ ಹಾಗೆ. ಮರುವರ್ಷ, 1974ರಲ್ಲಿ, ಜರ್ಮನಿಯಿಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಬಂತು, ಹಿಂದೆ ದೊಡ್ಡ ಬಾಗಿಲಿನ ಜೊತೆಗೆ. ಅಲ್ಲಿಗೆ ಮುಗಿಯಿತು.

ಅಂದಹಾಗೆ, ಪ್ಲೇಟಿನ ಕೊನೆಗೆ ‘ಎಂ’ ಇದ್ದರೆ ಆ ಗಾಡಿ 1973ರ ಆಗಸ್ಟ್‌ನಿಂದ 1974ರ ಜುಲೈ ಒಳಗೆ ನೋಂದಣಿ ಆದದ್ದು. 1974ರ ಮೊದಲ ಎರಡು ಮೂರು ತಿಂಗಳು ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟದಿಂದ ಬ್ರಿಟನ್ನಿನ ಫ್ಯಾಕ್ಟರಿಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಜೊತೆಗೆ ಪೆಟ್ರೋಲ್ ಬೆಲೆ ಗಗನಕ್ಕೆ. ನಿಮ್ಮ ತಾತನ ಗಾಡಿ ಆ ಚಳಿಗಾಲದಲ್ಲಿ ಜೋಡಣೆ ಆದದ್ದಾಗಿದ್ದರೆ, ಬಾಗಿಲ ಸಂದು ಒಂದು ಕಡೆ ಅಗಲ ಒಂದು ಕಡೆ ಸಣ್ಣ ಇದ್ದರೆ, ಆಶ್ಚರ್ಯ ಪಡಬೇಡಿ.

ಈಗ ಮರೀನಾ. ಅದರ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ, ಯಾಕಂದ್ರೆ ನಾನು ಗ್ಯಾರೇಜ್ ಕೆಲಸ ಕಲಿತದ್ದು ಬೆಂಗಳೂರಿನಲ್ಲಿ, ಅಂಬಾಸಿಡರ್ ಕೆಳಗೆ ಮಲಗಿ. ಆಮೇಲೆ ಕೆಲವು ವರ್ಷ ಕೊವೆಂಟ್ರಿಯಲ್ಲಿ ಕೆಲಸದಲ್ಲಿದ್ದಾಗ ಒಬ್ಬರ ಮನೆಯ ಷೆಡ್ಡಿನಿಂದ ಒಂದು ಮಾರಿಸ್ ಮರೀನಾ ತಗೊಂಡೆ. ಮಾರಿದವರು ‘ಮಳೆಯಲ್ಲಿ ಸ್ವಲ್ಪ ತೇವ ಆಗುತ್ತೆ’ ಅಂದಿದ್ದರು. ಮೊದಲ ಮಳೆಗೆ ಎಡಗಾಲಿನ ಸಾಕ್ಸ್ ಹಿಂಡುವಷ್ಟು ನೀರು. ಮ್ಯಾಟ್ ಎತ್ತಿ ನೋಡಿದರೆ ನೆಲದ ತಗಡು ಹಪ್ಪಳ, ಹೆಬ್ಬೆರಳು ಒತ್ತಿದರೆ ರಸ್ತೆ ಕಾಣುತ್ತಿತ್ತು.

ಆದರೆ ಬಾನೆಟ್ ತೆಗೆದಾಗ ನನಗೆ ಆದ ಖುಷಿ ಹೇಳಲಾರೆ. ನನ್ನದು 1.8 ಮಾಡೆಲ್. ಒಳಗಿದ್ದದ್ದು ಬಿ-ಸೀರೀಸ್ ಎಂಜಿನ್, 1798 ಸಿಸಿ. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಅದೇ ಮನೆತನದ್ದು! ಎಸ್‌ಯು ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಟ್ಯಾಪೆಟ್ ಕವರ್, ಎಲ್ಲ ಕೈಗೆ ಗೊತ್ತು. ಮುಂದೆ ಟಾರ್ಷನ್ ಬಾರ್, ಹಿಂದೆ ಪಟ್ಟಿ ಸ್ಪ್ರಿಂಗ್. ಇದೂ ಮನೆಯದೇ. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ತಯಾರಾದದ್ದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ, ಮರೀನಾ 1971ರಲ್ಲಿ ಹೊರಬಂದದ್ದೂ ಅದೇ ಕೌಲಿಯಿಂದ. ಅಂದರೆ ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ. ಒಬ್ಬ ಕಡಲು ದಾಟಿ ಬಂದು ಮಂತ್ರಿಗಳ ಗಾಡಿಯಾಗಿ, ಮದುವೆ ಗಾಡಿಯಾಗಿ, 2014ರವರೆಗೂ ತಯಾರಾದ. ಇನ್ನೊಬ್ಬ ಊರಲ್ಲೇ ಉಳಿದು ಎಲ್ಲರ ಕೈಲೂ ಬೈಸಿಕೊಂಡ. ಭಾರತದಲ್ಲಿ ನಮಗೆ ಆಗ ಆರಿಸಿಕೊಳ್ಳಲು ಬೇರೆ ಇರಲಿಲ್ಲ, ಅಂಬಾಸಿಡರ್ ಇಲ್ಲವಾದರೆ ಫಿಯೆಟ್. ಅಲ್ಲಿ ಪಕ್ಕದ ಷೋರೂಮಿನಲ್ಲಿ ಫೋರ್ಡ್ ಕಾರ್ಟಿನಾ ಹೊಳೆಯುತ್ತಾ ನಿಂತಿತ್ತು, ದಾಟ್ಸನ್ ರೇಡಿಯೋ ಸಮೇತ ಬರುತ್ತಿತ್ತು. ಅಂಬಾಸಿಡರ್ ಮೇಲೆ ನಮಗಿರುವ ಅಕ್ಕರೆಯಲ್ಲಿ ಎಷ್ಟು ಪಾಲು ಗಾಡಿಯದು, ಎಷ್ಟು ಪಾಲು ಬೇರೆ ಗತಿ ಇಲ್ಲದ್ದು, ನೀವೇ ಯೋಚಿಸಿ.

ಮರೀನಾ ತಪ್ಪುಗಳು ಸುಳ್ಳಲ್ಲ. ಹಳೆಯ ಮಾರಿಸ್ ಮೈನರ್‌ನ ಮುಂದಿನ ಸಸ್ಪೆನ್ಷನ್ನನ್ನೇ ತೇಪೆ ಹಾಕಿ ಅವಸರದಲ್ಲಿ ಮಾಡಿದ ಗಾಡಿ. ಮೊದಮೊದಲ 1.8 ಗಾಡಿಗಳು ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳದೆ ನೇರ ಹೋಗುತ್ತಿದ್ದವು, ಪತ್ರಿಕೆಯವರು ಉಗಿದ ಮೇಲೆ ಸರಿ ಮಾಡಿದರು. ಆದರೂ 1973ರಲ್ಲಿ ಬ್ರಿಟನ್ನಿನಲ್ಲಿ ಮಾರಾಟದಲ್ಲಿ ಎರಡನೇ ಸ್ಥಾನ ಅದರದೇ. ಅಷ್ಟು ಜನ ಕೊಂಡಿದ್ದಾರೆ ಅಂದರೆ ಅಷ್ಟು ಜನ ದಡ್ಡರಾ? ಅಗ್ಗವಾಗಿತ್ತು, ರಿಪೇರಿ ಸುಲಭ, ಮೂಲೆ ಅಂಗಡಿಯಲ್ಲೂ ಪಾರ್ಟ್ ಸಿಗುತ್ತಿತ್ತು. ಒಂದು ತಮಾಷೆ ಹೇಳುತ್ತೇನೆ. ಮರೀನಾದ ಬಾಗಿಲ ಹಿಡಿ ಇದೆಯಲ್ಲ, ಅದೇ ಹಿಡಿಯನ್ನು ರೇಂಜ್ ರೋವರ್‌ಗೂ ಹಾಕಿದರು, ಲೋಟಸ್ ಎಸ್ಪ್ರಿಗೂ ಹಾಕಿದರು. ಅಷ್ಟು ದುಡ್ಡಿನ ಗಾಡಿಯ ಬಾಗಿಲನ್ನು ಗತ್ತಿನಲ್ಲಿ ತೆಗೆಯುವವರು ಮುಟ್ಟುತ್ತಿದ್ದದ್ದು ಮರೀನಾವನ್ನೇ. ಟಾಪ್ ಗೇರ್ ಅನ್ನುವ ಟಿವಿ ಕಾರ್ಯಕ್ರಮದಲ್ಲಿ ಮರೀನಾ ಮೇಲೆ ಪಿಯಾನೋ ಬೀಳಿಸುವುದೇ ಒಂದು ಆಟವಾಗಿತ್ತು. ಉಳಿದಿರುವುದೇ ಬೆರಳೆಣಿಕೆ, ಅದರ ಮೇಲೂ ಪಿಯಾನೋ. ನನಗಂತೂ ನಗು ಬರಲಿಲ್ಲ.

ಮಿಕ್ಕವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1969ರ ಮ್ಯಾಕ್ಸಿ ಈ ಗುಂಪಿನಲ್ಲಿ ನಿಜವಾದ ಜಾಣ. ಹ್ಯಾಚ್‌ಬ್ಯಾಕ್, ಐದು ಗೇರ್, ಸೀಟು ಮಡಚಿದರೆ ಹಾಸಿಗೆ. ಮೊದಲ ವರ್ಷದ ಗಾಡಿಗಳಲ್ಲಿ ಗೇರ್ ಬದಲಿಸಲು ಕೇಬಲ್ ಇತ್ತು, ಮುದ್ದೆ ಕೋಲು ಹಿಡಿದು ಗಟ್ಟಿ ಮುದ್ದೆ ತೊಳಸಿದ ಹಾಗೆ, ಎಲ್ಲಿ ಎರಡನೇ ಗೇರ್ ಎಲ್ಲಿ ನಾಲ್ಕನೇ ಗೇರ್ ದೇವರೇ ಬಲ್ಲ. 1975ರ ಪ್ರಿನ್ಸೆಸ್ ನೋಡಲು ಬೆಣೆಯ ಹಾಗೆ, ಒಳಗೆ ಕೂತರೆ ದಿವಾನಖಾನೆ. ಅದಕ್ಕೂ ಹ್ಯಾಚ್‌ಬ್ಯಾಕ್ ಕೊಡಲಿಲ್ಲ. 1982ರಲ್ಲಿ ಬುದ್ಧಿ ಬಂದು ಕೊಟ್ಟರು, ಆಗ ಹೆಸರು ಬದಲಿಸಿ ಏನಂತ ಇಟ್ಟರು ಗೊತ್ತಾ? ಆಸ್ಟಿನ್ ಅಂಬಾಸಿಡರ್! ನಮ್ಮದಕ್ಕೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಎರಡೇ ವರ್ಷಕ್ಕೆ ಅದೂ ಹೋಯಿತು. 1983ರ ಮ್ಯಾಸ್ಟ್ರೋದ ದುಬಾರಿ ಮಾಡೆಲ್‌ಗಳಲ್ಲಿ ಡ್ಯಾಶ್‌ಬೋರ್ಡ್ ಮಾತಾಡುತ್ತಿತ್ತು, ಹೆಣ್ಣು ದನಿಯಲ್ಲಿ. ಈಗಿನ ಗಾಡಿಗಳೆಲ್ಲ ಮಾತಾಡುತ್ತವೆ, ಆಗ ಅದೇ ದೊಡ್ಡ ನಗೆಪಾಟಲು.

ಮ್ಯಾಸ್ಟ್ರೋದ ಡಿಕ್ಕಿ ಇರುವ ಅಣ್ಣ ಮಾಂಟೆಗೋ. ಇಲ್ಲಿ ಬೆಂಗಳೂರು ಬರುತ್ತದೆ. 1990ರ ದಶಕದ ನಡುವೆ ಸಿಪಾನಿ ಆಟೋಮೊಬೈಲ್ಸ್ ಇದೇ ಮಾಂಟೆಗೋವನ್ನು ಬೆಂಗಳೂರಿನಲ್ಲಿ ಜೋಡಿಸಿ ಮಾರಿತು. ಬ್ರಿಟನ್ನಿನಲ್ಲಿ ಅದರ ಕಾಲ ಮುಗಿಯುತ್ತಾ ಬಂದಿತ್ತು, ಇಲ್ಲಿ ಅದನ್ನು ದೊಡ್ಡ ಮನುಷ್ಯರ ಕಾರು ಅಂತ ತಂದರು. ಓಡಲಿಲ್ಲ. ಅದಕ್ಕೂ ಮೊದಲು 1980ರ ದಶಕದಲ್ಲಿ ಅದೇ ಕಂಪನಿ ಡಾಲ್ಫಿನ್ ಅನ್ನುವ ಪುಟ್ಟ ಕಾರು ಮಾಡುತ್ತಿತ್ತು. ಅದೂ ಬ್ರಿಟನ್ನಿನ ರಿಲಯಂಟ್ ಕಿಟನ್, ಫೈಬರ್ ಬಾಡಿ, 848 ಸಿಸಿ ಅಲ್ಯೂಮಿನಿಯಂ ಎಂಜಿನ್. ತುಕ್ಕು ಹಿಡಿಯದ ಬಾಡಿ, ಹಗುರವಾದ್ದರಿಂದ ರ‍್ಯಾಲಿ ಹುಡುಗರಿಗೆ ಪ್ರೀತಿ. ಮಾರುತಿ 800 ಬಂದ ಮೇಲೆ ಅದನ್ನು ಕೇಳುವವರಿಲ್ಲ. ಬೆಂಗಳೂರಿನಲ್ಲಿ ನಿಮಗೆ ವಯಸ್ಸಾದ ಸಂಬಂಧಿಕರಿದ್ದರೆ ‘ಡಾಲ್ಫಿನ್ ಕಾರು ನೆನಪಿದೆಯಾ’ ಅಂತ ಕೇಳಿ. ಮೊದಲು ನಗುತ್ತಾರೆ. ಆಮೇಲೆ ಯಾರ ಹತ್ತಿರ ಇತ್ತು, ಯಾವ ಬಣ್ಣ, ಎಲ್ಲಿ ಕೆಟ್ಟು ನಿಂತಿತು ಅಂತ ಅರ್ಧ ಗಂಟೆ ಹೇಳುತ್ತಾರೆ.

ನಿಮ್ಮ ಪ್ರಶ್ನೆಗೆ ಉತ್ತರ ಆ ಅರ್ಧ ಗಂಟೆಯಲ್ಲಿದೆ. ಜಾಗ್ವಾರ್ ಇ-ಟೈಪ್ ಚೆಂದದ ಕಾರು, ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಎಷ್ಟು ಜನರ ಅಪ್ಪನ ಹತ್ತಿರ ಇತ್ತು? ಅಪ್ಪನ ಹತ್ತಿರ ಇದ್ದದ್ದು ಅಲೆಗ್ರೋ. 1976ರ ಆ ಹೆಸರುವಾಸಿ ಬೇಸಿಗೆಯಲ್ಲಿ ಹಿಂದಿನ ಪ್ಲಾಸ್ಟಿಕ್ ಸೀಟಿಗೆ ತೊಡೆ ಅಂಟಿಕೊಂಡು, ಮೋಟರ್‌ವೇ ಪಕ್ಕದಲ್ಲಿ ಬಾನೆಟ್ ಎತ್ತಿ ನಿಂತ ಅಪ್ಪನನ್ನು ಕಿಟಕಿಯಿಂದ ನೋಡಿದ ಮಕ್ಕಳಿಗೆ ಈಗ ಅರವತ್ತರ ಹತ್ತಿರ ವಯಸ್ಸು. ಅವರು ಹುಡುಕುತ್ತಿರುವುದು ಒಳ್ಳೆಯ ಕಾರನ್ನಲ್ಲ. ಕೆಟ್ಟು ನಿಲ್ಲದ ಕಾರಾಗಿದ್ದರೆ ಅವರಿಗೆ ಇಷ್ಟು ನೆನಪೂ ಇರುತ್ತಿರಲಿಲ್ಲ ಅಂತ ನನ್ನ ಅನುಮಾನ.

ಇನ್ನೊಂದು ಲೆಕ್ಕ ಇದೆ. ಅಲೆಗ್ರೋ 1982ರವರೆಗೆ 6 ಲಕ್ಷದ 40 ಸಾವಿರದಷ್ಟು ತಯಾರಾಯಿತು. ರಸ್ತೆಯ ಮೇಲೆ ಈಗ ಉಳಿದಿರುವುದು ಕೆಲವು ನೂರು. ಬೆಲೆ ಬಾಳುವ ಕಾರನ್ನು ಜನ ಜೋಪಾನ ಮಾಡುತ್ತಾರೆ, ಬೆಲೆ ಇಲ್ಲದ್ದನ್ನು ಗುಜರಿಗೆ ಹಾಕುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬಹಳಷ್ಟನ್ನು ತಿಂದಿತು. ಗುದ್ದಾಡಿಸುವ ಬ್ಯಾಂಗರ್ ರೇಸ್‌ಗಳು ಇನ್ನಷ್ಟನ್ನು ಮುಗಿಸಿದವು. ಅಳಿದೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಇವತ್ತು ಪೆಟ್ರೋಲ್ ಬಂಕಿನಲ್ಲಿ ಪೋರ್ಷೆ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ, ಅಲೆಗ್ರೋ ನಿಂತರೆ ನಾಲ್ಕು ಜನ ಬಂದು ‘ನಮ್ಮಪ್ಪನ ಹತ್ತಿರ ಇತ್ತು’ ಅಂತ ಶುರು ಮಾಡುತ್ತಾರೆ. ನಿಮಗೂ ಆಗುತ್ತದೆ, ಸಮಯ ಇಟ್ಟುಕೊಂಡು ಹೋಗಿ.

2014ರಿಂದ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’ ಅಂತ ಒಂದು ಜಾತ್ರೆಯೇ ನಡೆಯುತ್ತದೆ. ಹೆಸರೇ ಹೇಳುವ ಹಾಗೆ ವಿಶೇಷ ಏನೂ ಇಲ್ಲದ ಕಾರುಗಳಿಗೆ. ಈಚೆಗೆ ಲಿಂಕನ್‌ಷೈರ್‌ನ ಗ್ರಿಮ್ಸ್‌ಥಾರ್ಪ್ ಕ್ಯಾಸಲ್ ಹುಲ್ಲುಹಾಸಿನ ಮೇಲೆ ಮಾಡುತ್ತಾರೆ. ಬಡ ಮಾಡೆಲ್ ಆದಷ್ಟೂ ಮರ್ಯಾದೆ ಜಾಸ್ತಿ. ಡರ್ಬಿಷೈರ್‌ನ ಆಂಬರ್‌ಗೇಟ್‌ನಲ್ಲಿ 2021ರಲ್ಲಿ ತೆರೆದ ‘ಗ್ರೇಟ್ ಬ್ರಿಟಿಷ್ ಕಾರ್ ಜರ್ನಿ’ ಮ್ಯೂಸಿಯಂ ನಿಮಗೆ ದೂರವೇನಿಲ್ಲ. ಅಲ್ಲಿ ದುಡ್ಡು ಕೊಟ್ಟು ಹಳೆ ಕಾರು ಓಡಿಸಬಹುದು. ಆ ಯೋಜನೆಗೆ ಅವರು ಇಟ್ಟ ಹೆಸರು ‘ಅಪ್ಪನ ಕಾರು ಓಡಿಸಿ’ ಅಂತ. ತಾತನಿಗೆ ಹೂಂ ಅನ್ನುವ ಮೊದಲು ಅಲ್ಲಿ ಹೋಗಿ ಆ ಕಾಲದ ಒಂದು ಗಾಡಿ ಓಡಿಸಿ ನೋಡಿ. ಪವರ್ ಸ್ಟೇರಿಂಗ್ ಇಲ್ಲದ, ಚೋಕ್ ಎಳೆದು ಸ್ಟಾರ್ಟ್ ಮಾಡುವ ಗಾಡಿ ನಿಮಗೆ ಒಗ್ಗುತ್ತದಾ ಇಲ್ಲವಾ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಒಗ್ಗಿದರೆ, ಈಗ ಗಾಡಿ ಕೆಳಗೆ ಮಲಗಿ. ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಡಿಕ್ಕಿ ನೆಲ, ಮುಂದಿನ ಮ್ಯಾಟ್ ಕೆಳಗಿನ ತಗಡು, ಇಲ್ಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಕಬ್ಬಿಣ, ದೊಪ್ ಅಂದರೆ ಪುಟ್ಟಿ. ತಾತನ ಮುಂದೆ ಜೋರಾಗಿ ತಟ್ಟಬೇಡಿ, ಅವರಿಗೆ ಎದೆಗೆ ತಟ್ಟಿದ ಹಾಗೆ ಆಗುತ್ತದೆ. ಆಮೇಲೆ ಎದುರಿಗೆ ನಿಂತು ನೋಡಿ, ಗಾಡಿ ಒಂದು ಪಕ್ಕಕ್ಕೆ ವಾಲಿದೆಯಾ ಅಂತ. ವಾಲಿದ್ದರೆ ಆ ಕಡೆಯ ಹೈಡ್ರಾಗ್ಯಾಸ್ ಸೋರಿದೆ. ದ್ರವ ತುಂಬಲು ಬೇರೆಯದೇ ಪಂಪ್ ಬೇಕು, ಬೀದಿ ಗ್ಯಾರೇಜಿನಲ್ಲಿ ಆಗುವ ಕೆಲಸ ಅಲ್ಲ. ಅಲೆಗ್ರೋ ಕ್ಲಬ್ಬಿನವರನ್ನು ಹಿಡಿದರೆ ಪಂಪ್ ಇರುವವರು ಸಿಗುತ್ತಾರೆ. ಹಿಂದಿನ ಚಕ್ರ ಎತ್ತಿ ಅಲ್ಲಾಡಿಸಿ, ಆ ಕೂದಲೆಳೆ ಸಡಿಲ ಇರಬೇಕು. ಜಾಕ್ ಕೊಡುವ ಜಾಗ ತಾತನನ್ನೇ ಕೇಳಿ. ಇದರಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್, ಮಿನಿಯ ಹಾಗೆ. ಹಾಗಾಗಿ ಆಯಿಲ್ ಬದಲಿಸುವುದರಲ್ಲಿ ಜುಗ್ಗತನ ಬೇಡ. ಪೆಟ್ರೋಲ್ ಹಾಕಿಸುವಾಗ ಹತ್ತು ಪರ್ಸೆಂಟ್‌ವರೆಗೆ ಎಥನಾಲ್ ಬೆರೆತ ಇ10 ಬೇಡ, ಐದೇ ಪರ್ಸೆಂಟ್‌ವರೆಗಿನ ಇ5 ಸೂಪರ್ ಹಾಕಿಸಿ. ಎಥನಾಲ್ ಜಾಸ್ತಿ ಇದ್ದರೆ ಹಳೆ ರಬ್ಬರ್ ಪೈಪು ತಿಂದುಹಾಕುತ್ತದೆ. ಆ ಕಾಲದ ಎಂಜಿನ್ ಸೀಸ ಇರುವ ಪೆಟ್ರೋಲ್‌ಗೆ ಮಾಡಿದ್ದು, ವಾಲ್ವ್ ಸೀಟ್ ಬದಲಿಸಿದ್ದಾರಾ ಕೇಳಿ, ಇಲ್ಲವಾದರೆ ಟ್ಯಾಂಕಿಗೆ ಹಾಕುವ ಅಡಿಟಿವ್ ಸಿಗುತ್ತದೆ.

ಕಾಗದಪತ್ರ ಸುಲಭ. 40 ವರ್ಷ ದಾಟಿದ ಗಾಡಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ಇಲ್ಲ, ಆದರೆ ವರ್ಷವರ್ಷ ಅರ್ಜಿ ಹಾಕಲೇಬೇಕು. ದೊಡ್ಡ ಬದಲಾವಣೆ ಮಾಡಿಸಿರದಿದ್ದರೆ 2018ರಿಂದ ಎಂಒಟಿ, ಅಂದರೆ ಗಾಡಿ ರಸ್ತೆಗೆ ಇಳಿಯಲು ಸುರಕ್ಷಿತವಾ ಅಂತ ವರ್ಷಕ್ಕೊಮ್ಮೆ ನೋಡುವ ಪರೀಕ್ಷೆಯೂ ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲದಿದ್ದರೂ ಮಾಡಿಸಿ, ಬ್ರೇಕ್ ಪೈಪಿನ ತುಕ್ಕು ನಿಮಗೆ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ. ಇನ್ಷೂರೆನ್ಸ್ ಹಳೆ ಕಾರುಗಳ ಕಂಪನಿಯಲ್ಲೇ, ಗಾಡಿಯ ಬೆಲೆ ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಮಾಡಿಸಿ.

ಬೆಲೆ ವಿಷಯದಲ್ಲಿ ತಾತನ ಜೊತೆ ಜಾಸ್ತಿ ಚೌಕಾಸಿ ಮಾಡಬೇಡಿ. ಅವರು ಬೇರೆಯವರಿಗೆ ಹೇಳದೆ ನಿಮಗೆ ಹೇಳಿದ್ದಾರೆ, ಪಕ್ಕದ ಮನೆಯಲ್ಲೇ ಇದ್ದರೆ ಭಾನುವಾರ ಕಣ್ಣಿಗೆ ಬೀಳುತ್ತದಲ್ಲ ಅಂತ ಇರಬೇಕು. ಒಂದು ಮಾತು ಮಾತ್ರ ಮರೆಯದೆ ಕೇಳಿ. ಈಗ ದುಂಡು ಸ್ಟೇರಿಂಗ್ ಇದ್ದರೆ, ಗಾಡಿಯ ಜೊತೆ ಬಂದ ಆ ಚೌಕದ್ದು ಎಲ್ಲಿ? ಆ ವರ್ಷದ ಗಾಡಿಗೆ ಬಂದೇ ಇರಬೇಕು. ಬಹಳ ಜನ ಕಿತ್ತು ಅಟ್ಟಕ್ಕೆ ಎಸೆದಿದ್ದರು. ಅಟ್ಟ ಹತ್ತುವುದು ಅವರಿಗೆ ಆಗುವುದಿಲ್ಲ, ನೀವೇ ಹತ್ತಿ ಹುಡುಕಿ, ಸಿಕ್ಕಿದರೆ ನನಗೆ ಬರೆಯಿರಿ.